ಪಕ್ಕದ ಮನೆಯ ಪಾಯ ನಮ್ಮ ಕಾಂಪೌಂಡಿನ ಕೆಳಗೆ ಬಂದಿದೆ, ಕಾಂಕ್ರೀಟ್ ಬೀಳುವ ಮೊದಲು ಏನು ಮಾಡಬಹುದು?

ಮೂವತ್ತು_ನಲವತ್ತು:
ಎಲ್ಲರಿಗೂ ನಮಸ್ಕಾರ. ಜಿಲ್ಲಾ ಕೇಂದ್ರವೊಂದರ ಬಡಾವಣೆಯಲ್ಲಿ ನಮ್ಮದು 30×40 ಅಡಿಯ ನಿವೇಶನ. ಮನೆ ಕಟ್ಟಿ ಹದಿನೈದು ವರ್ಷಗಳ ಮೇಲಾಯಿತು. ಪೂರ್ವದ ಬದಿಯ ಖಾಲಿ ನಿವೇಶನವನ್ನು ಕೊಂಡವರು ಈಗ ಮೂರಂತಸ್ತಿನ ಮನೆ ಕಟ್ಟಿಸುತ್ತಿದ್ದು, ಜೆಸಿಬಿಯಿಂದ ತೆಗೆಸಿದ ಪಾಯದ ಗುಂಡಿಗಳ ಪೈಕಿ ನಾಲ್ಕು ನಮ್ಮ ಕಾಂಪೌಂಡಿನ ಅಡಿಗೆ ಸುಮಾರು ಒಂದೂವರೆ ಅಡಿಯಷ್ಟು ನುಗ್ಗಿವೆ. ಒಂದು ಕಡೆಯಂತೂ ಕಾಂಪೌಂಡಿನ ಬುಡದ ಸೈಜುಗಲ್ಲುಗಳ ಕೆಳಗೆ ಮಣ್ಣೇ ಇಲ್ಲ. ಎರಡು ಗುಂಡಿಗಳಲ್ಲಿ ಕಂಬಿಯ ಜಾಲರಿ ಕೂರಿಸಿದ್ದಾರೆ, ಕಾಂಕ್ರೀಟ್ ಇನ್ನೂ ಹಾಕಿಲ್ಲ.

ಕೇಳಿದ್ದಕ್ಕೆ ಮನೆಯ ಯಜಮಾನರು, "ಅದೆಲ್ಲ ಮಣ್ಣಿನ ಕೆಳಗಿರುವುದು, ನಿಮಗೇನು ತೊಂದರೆ? ಗೋಡೆ ಏಳುವುದು ನಮ್ಮ ಜಾಗದಲ್ಲಿಯೇ" ಎಂದರು. ಮೇಲಿನ ಅಂತಸ್ತುಗಳಿಗೆ ನಮ್ಮ ಕಡೆಗೆ ಎರಡಡಿಯ ಸಜ್ಜಾ ಬರುತ್ತದೆ ಎಂದು ಮೇಸ್ತ್ರಿ ಬಾಯಿತಪ್ಪಿ ಹೇಳಿದ್ದಾನೆ. ಪಾಲಿಕೆಗೆ ಹೋಗಬೇಕೋ, ಠಾಣೆಗೋ, ನೇರವಾಗಿ ನ್ಯಾಯಾಲಯಕ್ಕೋ ಎಂಬುದು ತಿಳಿಯುತ್ತಿಲ್ಲ. ಮುಂದೆಯೂ ಅಕ್ಕಪಕ್ಕದಲ್ಲಿಯೇ ಬಾಳಬೇಕಾದವರಾದ್ದರಿಂದ ಕಡ್ಡಿಯನ್ನು ಗುಡ್ಡ ಮಾಡುವ ಇಚ್ಛೆ ನಮಗಿಲ್ಲ, ಆದರೆ ಸುಮ್ಮನಿರುವುದೂ ಸರಿಯೆನಿಸುತ್ತಿಲ್ಲ.

ಹಳೇಪೇಟೆ_ಹುಡುಗ:
ಮೊದಲು ಠಾಣೆಗೆ ಹೋಗಿ ದೂರು ಕೊಡಿ. ಕೆಲಸ ನಿಂತ ಮೇಲೆ ಉಳಿದದ್ದನ್ನು ಮಾತನಾಡಿದರಾಯಿತು.

ಕಂಬಿ_ಲೆಕ್ಕದವ:
ನಾನು ಕಟ್ಟಡ ವಿನ್ಯಾಸದ ಕೆಲಸ ಮಾಡುವವನು. ಠಾಣೆಯ ವಿಷಯ ಬಲ್ಲವರು ಹೇಳಲಿ. ಗುಂಡಿ ನಿಮ್ಮ ಕಡೆಗೆ ಏಕೆ ಬಂತು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಮಾತುಕತೆಯ ದಾರಿಯೂ ಅದರಲ್ಲೇ ಸಿಗುತ್ತದೆ.

9 ಇಂಚು ಅಗಲದ ಕಾಲಂನ ಹೊರಮುಖವನ್ನು ಸರಿಯಾಗಿ ಗಡಿಯ ಮೇಲೆ ನಿಲ್ಲಿಸಿ, ಅದರ ಕೆಳಗೆ 4 ಅಡಿ ಚೌಕದ ಫುಟಿಂಗನ್ನು, ಅಂದರೆ ಭಾರವನ್ನು ನೆಲಕ್ಕೆ ಹರಡುವ ಕಾಂಕ್ರೀಟ್ ತಳವನ್ನು, ನಟ್ಟನಡುವೆ ಹಾಕಿದರೆ, ಫುಟಿಂಗಿನ ಅರ್ಧವಾದ 2 ಅಡಿಯಲ್ಲಿ ಕಾಲಂನ ಅರ್ಧವಾದ ನಾಲ್ಕೂವರೆ ಇಂಚು ಕಳೆದು, ಉಳಿದ 1 ಅಡಿ ಏಳೂವರೆ ಇಂಚು ಪಕ್ಕದವರ ಜಾಗಕ್ಕೆ ಹೋಗಲೇಬೇಕು. ನೀವು ಹೇಳಿದ ಒಂದೂವರೆ ಅಡಿಗೆ ಈ ಲೆಕ್ಕ ಹತ್ತಿರದಲ್ಲಿಯೇ ಇದೆ. ಅದೇ ಕಾಲಂ ಗಡಿಯಿಂದ 3 ಅಡಿ ಒಳಗೆ ನಿಂತಿದ್ದರೆ ಫುಟಿಂಗಿನ ಅಂಚು ಗಡಿಯನ್ನು ಮುಟ್ಟಲು ಇನ್ನೂ 1 ಅಡಿ ನಾಲ್ಕೂವರೆ ಇಂಚು ಬಾಕಿಯಿರುತ್ತಿತ್ತು. ಅಂದರೆ ಅವರು ಬದಿಯಲ್ಲಿ ಬಿಡಬೇಕಾದ ಜಾಗವನ್ನೇ ಬಿಡದೆ ಗಡಿಗೆ ಅಂಟಿಸಿ ಕಾಲಂ ಎಬ್ಬಿಸುತ್ತಿದ್ದಾರೆ ಎಂಬ ಅನುಮಾನಕ್ಕೆ ಆ ಗುಂಡಿಗಳೇ ಆಧಾರ.

ಗಡಿಯ ಮೇಲೆಯೇ ಕಾಲಂ ಬೇಕೆಂದಿದ್ದರೂ ಪಕ್ಕದವರ ಮಣ್ಣಿಗೆ ಇಳಿಯದೆ ಕಟ್ಟುವ ಕ್ರಮ ಇದೆ. ಫುಟಿಂಗನ್ನು ಪೂರ್ತಿ ಒಳಬದಿಗೆ ಸರಿಸಿ, ಆ ಕಾಲಂ ಮತ್ತು ಅದರ ಹಿಂದಿನ ಸಾಲಿನ ಕಾಲಂನ ಫುಟಿಂಗುಗಳನ್ನು ಸ್ಟ್ರಾಪ್ ಬೀಮ್ ಎಂಬ ಜೋಡಿಸುವ ತೊಲೆಯಿಂದ ಬಿಗಿದು ಕಟ್ಟುತ್ತಾರೆ. ಒಂದಿಷ್ಟು ಕಂಬಿ, ಒಂದಿಷ್ಟು ಕಾಂಕ್ರೀಟ್ ಹೆಚ್ಚು ಬೇಕಾಗುತ್ತದೆ, ಮನೆಯ ನಕ್ಷೆ ಬದಲಾಗಬೇಕಿಲ್ಲ. ಇಂಜಿನಿಯರ್ ಇಲ್ಲದೆ ಮೇಸ್ತ್ರಿಯ ಅಂದಾಜಿನಲ್ಲಿ ಪಾಯ ಹಾಕುವ ಕಡೆ ಈ ತಪ್ಪು ಪದೇ ಪದೇ ಆಗುತ್ತದೆ. ಜಾಲರಿಯನ್ನು ಎತ್ತಿ ಸರಿಸಲು ಈಗ ನಾಲ್ಕು ಆಳು ಸಾಕು. ಕಾಂಕ್ರೀಟ್ ಹಾಕಿ ಮೂರಂತಸ್ತಿನ ಭಾರ ಅದರ ಮೇಲೆ ಕುಳಿತ ನಂತರ ಅದನ್ನು ಕತ್ತರಿಸಿ ಎಂದು ಹೇಳುವ ಧೈರ್ಯ ಯಾವ ಇಂಜಿನಿಯರಿಗೂ ಇರುವುದಿಲ್ಲ.

ಧಾರವಾಡದ_ವಕೀಲ:
ಮೇಲಿನವರ ವಿವರಣೆ ಬಹಳ ಉಪಯುಕ್ತವಾಗಿದೆ. ಇಲ್ಲಿ ಎರಡು ಜಗಳಗಳು ಒಂದಾಗಿ ಕಾಣುತ್ತಿವೆ, ಅವನ್ನು ಬೇರೆ ಬೇರೆ ಮಾಡಿಕೊಳ್ಳದೆ ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಪ್ರಯೋಜನವಿಲ್ಲ.

ಅವರು ತಮ್ಮ ನಿವೇಶನದ ಒಳಗೆ ಬಿಡಬೇಕಾದ ಜಾಗವನ್ನು ಬಿಡದೆ, ಮಂಜೂರಾದ ನಕ್ಷೆಗೆ ವಿರುದ್ಧವಾಗಿ ಕಟ್ಟುತ್ತಿದ್ದರೆ ಆ ಜಗಳ ಅವರಿಗೂ ಪಾಲಿಕೆಗೂ ಸಂಬಂಧಿಸಿದ್ದು. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 321ನೇ ಕಲಮಿನಡಿ ಆಯುಕ್ತರು ತಾತ್ಕಾಲಿಕ ಆದೇಶ ಮಾಡಿ, ಕಾರಣ ಕೇಳಿ, ಅನಂತರ ಅದನ್ನು ಸ್ಥಿರೀಕರಿಸಬಹುದು. ಅದರ ವಿರುದ್ಧ ಅವರು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ನೀವು ಅಲ್ಲಿ ದೂರುದಾರರು ಮಾತ್ರ. ಆದರೆ ನಿಮ್ಮ ಮಣ್ಣಿನೊಳಗೆ ಅವರ ಫುಟಿಂಗ್ ಬರುವುದು, ನಿಮ್ಮ ನೆತ್ತಿಯ ಮೇಲೆ ಅವರ ಸಜ್ಜಾ ಚಾಚುವುದು ನಿಮಗೂ ಅವರಿಗೂ ನಡುವಿನ ಹಕ್ಕಿನ ಪ್ರಶ್ನೆ. ಜಾಗ ಯಾರದೆಂದು ತೀರ್ಮಾನಿಸುವ ಅಧಿಕಾರ ಪಾಲಿಕೆಗೆ ಇಲ್ಲ, ಅದು ಸಿವಿಲ್ ನ್ಯಾಯಾಲಯದ ಕೆಲಸ. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 38ನೇ ಕಲಮಿನಲ್ಲಿ ಶಾಶ್ವತ ನಿರ್ಬಂಧಕಾಜ್ಞೆಯೂ, 39ನೇ ಕಲಮಿನಲ್ಲಿ ಕಟ್ಟಿದ್ದನ್ನು ತೆಗೆಸುವ ಕಡ್ಡಾಯ ಆಜ್ಞೆಯೂ ಇವೆ.

ನಿಮ್ಮ ಮಟ್ಟಿಗೆ ಇವತ್ತಿನ ಅಸ್ತ್ರಗಳೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮಗಳ ತಾತ್ಕಾಲಿಕ ತಡೆ, ಅದರ ಜೊತೆಗೆ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರ್ ನೇಮಕದ ಅರ್ಜಿ. ಕಮಿಷನರ್ ಬಂದು ಅಳೆದು ವರದಿ ಕೊಟ್ಟರೆ, ನಾಳೆ ಗುಂಡಿ ಮುಚ್ಚಿಹೋದರೂ ಗುಂಡಿ ಎಲ್ಲಿಯವರೆಗೆ ಇತ್ತು ಎಂಬುದು ಕಡತದಲ್ಲಿ ಉಳಿಯುತ್ತದೆ. ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ನ್ಯಾಯಾಲಯಕ್ಕೆ ಮೊದಲೇ ತಿಳಿಸುವ ಕೇವಿಯಟ್ ಹಾಕುವುದನ್ನೂ ಮರೆಯಬೇಡಿ. ಕಟ್ಟಿಸುವವರೇ ಮೊದಲು ನ್ಯಾಯಾಲಯಕ್ಕೆ ಓಡಿ, "ಪಕ್ಕದವರು ನಮ್ಮ ಕೆಲಸಕ್ಕೆ ಅಡ್ಡಿ ಮಾಡುತ್ತಿದ್ದಾರೆ" ಎಂದು ನಿಮ್ಮ ಮೇಲೆಯೇ ತಡೆ ತರುವುದು ಹೊಸದೇನಲ್ಲ. 148ಎ ಕಲಮಿನ ಕೇವಿಯಟ್ 90 ದಿನ ಜಾರಿಯಲ್ಲಿರುತ್ತದೆ.

ಹಳೇಪೇಟೆ_ಹುಡುಗ:
ವಕೀಲರೇ, ಕ್ಷಮಿಸಿ, ದಾವೆ ಹೂಡಿದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತದೆ. ಠಾಣೆಯೇ ವಾಸಿ.

ಖಾಕಿ_ನೆಂಟ:
ಠಾಣೆಯಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ "ಇದು ಸಿವಿಲ್ ಸ್ವರೂಪದ ವ್ಯಾಜ್ಯವಾಗಿರುವುದರಿಂದ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳತಕ್ಕದ್ದು" ಎಂಬ ಹಿಂಬರಹ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅಪರಾಧಿಕ ಅತಿಕ್ರಮ ಪ್ರವೇಶ ಇದೆಯಾದರೂ, ಅದಕ್ಕೆ ದುರುದ್ದೇಶವನ್ನು ತೋರಿಸಬೇಕು. ಪಾಯದ ಗುಂಡಿ ಒಂದೂವರೆ ಅಡಿ ಸರಿದದ್ದರಲ್ಲಿ ಅದನ್ನು ತೋರಿಸುವುದು ಸುಲಭವಲ್ಲ. ಹಾಗೆಂದು ದೂರು ವ್ಯರ್ಥವೆಂದು ನಾನು ಹೇಳುವುದಿಲ್ಲ. ಹಿಂಬರಹದ ಮೇಲೆ ದಿನಾಂಕ ಇರುತ್ತದೆ, ಮತ್ತು ನೀವು ಆ ದಿನವೇ ಆಕ್ಷೇಪಿಸಿದ್ದಿರಿ ಎಂಬುದಕ್ಕೆ ಅದು ಕಾಗದದ ಸಾಕ್ಷಿ. ಮಾತಿನ ಚಕಮಕಿ ಕೈಗೆ ಹೋದರೆ ಮಾತ್ರ ಎರಡೂ ಕಡೆಯವರ ಮೇಲೆ ಪ್ರಕರಣವಾಗುತ್ತದೆ, ಅದನ್ನು ನೆನಪಿಡಿ.

ಧಾರವಾಡದ_ವಕೀಲ:
ತೀರ್ಪು ತಡವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ, ಅದನ್ನು ನಿರಾಕರಿಸಿದರೆ ನನ್ನ ಕಕ್ಷಿದಾರರೇ ನಗುತ್ತಾರೆ. ಆದರೆ ಇಂತಹ ವ್ಯಾಜ್ಯಗಳ ಗತಿ ನಿರ್ಧಾರವಾಗುವುದು ಅಂತಿಮ ತೀರ್ಪಿನಲ್ಲಿ ಅಲ್ಲ, ಮಧ್ಯಂತರ ಆದೇಶದಲ್ಲಿ. ಎದುರುಪಕ್ಷಕ್ಕೆ ನೋಟಿಸು ಕೊಡದೆ ತಡೆ ನೀಡಿದರೆ ಆ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು 39ನೇ ಆದೇಶದ 3ಎ ನಿಯಮ ಹೇಳುತ್ತದೆ. ತಡೆಯನ್ನು ಮೀರಿ ಕಟ್ಟಿದರೆ 2ಎ ನಿಯಮದಡಿ ಆಸ್ತಿ ಜಪ್ತಿಗೂ ಮೂರು ತಿಂಗಳವರೆಗಿನ ಸಿವಿಲ್ ಬಂಧನಕ್ಕೂ ಅವಕಾಶವಿದೆ. ಬ್ಯಾಂಕಿನ ಸಾಲ ಕಂತು ಕಂತಾಗಿ ಬರುತ್ತಿರುವಾಗ ಕೆಲಸ ನಿಂತರೆ, ಮಾತುಕತೆಗೆ ಬರುವ ಮನಸ್ಸು ಅವರಿಗೆ ತಾನಾಗಿಯೇ ಬರುತ್ತದೆ.

ನಿವೃತ್ತ_ಭೂಮಾಪಕ:
ಎಲ್ಲರೂ ಕಾಂಪೌಂಡನ್ನೇ ಗಡಿಯೆಂದು ಭಾವಿಸಿ ವಾದ ಮಾಡುತ್ತಿದ್ದೀರಿ. ಪ್ರಶ್ನೆ ಕೇಳಿದವರು ಬೇಸರಪಟ್ಟುಕೊಳ್ಳಬಾರದು: ನಿಮ್ಮ ಕಾಂಪೌಂಡನ್ನು ಯಾರ ಅಳತೆಯ ಮೇಲೆ ಕಟ್ಟಿದ್ದು?

ನಾನು ಸೇವೆಯಲ್ಲಿದ್ದಾಗ ನೋಡಿದ ಒಂದು ಬೀದಿಯಲ್ಲಿ, ಮೂಲೆಯ ನಿವೇಶನದವರು ಬಡಾವಣೆಯ ಕಲ್ಲನ್ನು ಹುಡುಕದೆ ರಸ್ತೆಯ ಡಾಂಬರಿನ ಅಂಚಿನಿಂದ ಟೇಪು ಹಿಡಿದಿದ್ದರು. ಅವರು ಕೆಲವು ಇಂಚು ಸರಿದದ್ದರಿಂದ ಎರಡನೆಯವರು ಅವರ ಗೋಡೆಯಿಂದ ಅಳೆದು ಸರಿದರು, ಮೂರನೆಯವರು ಎರಡನೆಯವರ ಗೋಡೆಯಿಂದ. ಹೀಗೆ ಇಡೀ ಸಾಲು ಜರುಗಿ, ಕೊನೆಯಲ್ಲಿ ಖಾಲಿ ಉಳಿದಿದ್ದ ನಿವೇಶನದವರು ಮನೆ ಕಟ್ಟಲು ಬಂದಾಗ ಅವರ ಜಾಗದ ಅಗಲ ಕ್ರಯಪತ್ರದಲ್ಲಿ ಇದ್ದುದಕ್ಕಿಂತ ಕಡಿಮೆಯಾಗಿತ್ತು. ಅವರ ಮೇಲೆ ಒತ್ತುವರಿಯ ಆರೋಪ ಹೊರಿಸಿದ ಪಕ್ಕದವರೇ ಅಳತೆಯಾದ ಮೇಲೆ ಅವರ ಜಾಗದಲ್ಲಿ ಕುಳಿತಿದ್ದರು.

ಇನ್ನೊಂದು ಮಾತು. ಇಂತಹ ಕಡೆ "ಹದ್ದುಬಸ್ತಿಗೆ ಅರ್ಜಿ ಹಾಕಿ" ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಹದ್ದುಬಸ್ತು ಸರ್ವೆ ನಂಬರಿನ ಜಮೀನಿಗೆ, ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ದಾಖಲೆಗಳನ್ನು ಆಧರಿಸಿ ಗಡಿ ಗುರುತಿಸುವ ಅಳತೆ. ಅನುಮೋದಿತ ಬಡಾವಣೆಯ ಒಳಗಿನ ಬಿಡಿ ನಿವೇಶನಕ್ಕೆ ಪ್ರತ್ಯೇಕ ಟಿಪ್ಪಣಿ ಇರುವುದಿಲ್ಲ. ಅಲ್ಲಿಗೆ ಬೇಕಾದದ್ದು ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ. ಮೈಸೂರು, ಶಿವಮೊಗ್ಗ, ಬಳ್ಳಾರಿ, ಹುಬ್ಬಳ್ಳಿ-ಧಾರವಾಡಗಳಂತೆ ನಗರ ಆಸ್ತಿ ಮಾಲೀಕತ್ವದ ದಾಖಲೆ ಯೋಜನೆ ಬಂದ ಊರಾದರೆ ಆಸ್ತಿಯ ಕಾರ್ಡಿನ ನಕ್ಷೆಯನ್ನೂ ನೋಡಬಹುದು. ಮೂಲೆಯ ಕಲ್ಲಿನಿಂದ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಇಟ್ಟು ಇಡೀ ಸಾಲನ್ನು ಅಳೆಸಿ. ಇಬ್ಬರೇ ಮನೆಯವರು ನಿಂತು ಟೇಪು ಹಿಡಿದರೆ ತೀರ್ಮಾನವಾಗುವುದು ಟೇಪನ್ನು ಯಾರು ಹೆಚ್ಚು ಬಿಗಿಯಾಗಿ ಎಳೆದರು ಎಂಬುದಷ್ಟೇ.

ಮೂವತ್ತು_ನಲವತ್ತು:
ಬೇಸರವೇನಿಲ್ಲ ಸರ್, ಆದರೆ ನಮ್ಮ ನಾಲ್ಕು ಮೂಲೆಗಳಲ್ಲೂ ಬಡಾವಣೆಯ ಕಲ್ಲುಗಳು ಇನ್ನೂ ಇವೆ. ಪೂರ್ವದ ಕಲ್ಲು ಕಾಂಪೌಂಡಿನ ಹೊರಮೈಗೆ ಸರಿಯಾಗಿ ಬರುತ್ತದೆ. ಬಡಾವಣೆ ನಕ್ಷೆಯ ಪ್ರತಿಗೆ ಅರ್ಜಿ ಕೊಟ್ಟಿದ್ದೇನೆ. ಅವರ ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದೇ?

ಅರ್ಜಿ_ಆನಂದ:
ಕೇಳಬಹುದು, 10 ರೂಪಾಯಿ ಶುಲ್ಕ. ಆದರೆ ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ, ಮೂರನೆಯ ವ್ಯಕ್ತಿಯ ಮಾಹಿತಿಯೆಂದು ಅವರಿಗೆ ನೋಟಿಸು ಹೋದರೆ ಇನ್ನೂ ತಡವಾಗುತ್ತದೆ. ಅಷ್ಟರಲ್ಲಿ ಪ್ಲಿಂತ್ ಮುಗಿದಿರುತ್ತದೆ. ಆಯುಕ್ತರಿಗೆ ಛಾಯಾಚಿತ್ರಗಳೊಡನೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದರಲ್ಲೇ "ಮಂಜೂರಾದ ನಕ್ಷೆಯೊಡನೆ ಸ್ಥಳ ತನಿಖೆ ನಡೆಸಿ ಮಹಜರು ಬರೆಯಬೇಕು" ಎಂದು ಕೋರಿ. ಮಾಹಿತಿ ಹಕ್ಕಿನ ಅರ್ಜಿ ಅದರ ಬೆನ್ನಿಗೆ ಹೋಗಲಿ.

ಸಮಾಧಾನಿ:
ಒಂದೂವರೆ ಅಡಿ ಮಣ್ಣಿಗೆ ಇಷ್ಟೊಂದು ಕಲಮುಗಳೇ? ನಾಲ್ಕು ಫುಟಿಂಗು ತಾನೇ, ಇಡೀ ಉದ್ದ 40 ಅಡಿಯ ಗೋಡೆಯೇನಲ್ಲವಲ್ಲ. ನೆಲದ ಮೇಲೆ ಏನೂ ಕಾಣುವುದಿಲ್ಲ. "ಹೋಗಲಿ, ಹಾಕಿಕೊಳ್ಳಿ, ಸಜ್ಜಾ ಮಾತ್ರ ಬೇಡ" ಎಂದು ಹೇಳಿದರೆ ನಾಳೆ ಅವರೂ ನಿಮ್ಮ ಕಷ್ಟಕ್ಕೆ ಆಗುತ್ತಾರೆ. ನಮ್ಮ ತಂದೆಯವರ ಕಾಲದಲ್ಲಿ ಹೀಗೆಯೇ ನಡೆಯುತ್ತಿತ್ತು.

ಧಾರವಾಡದ_ವಕೀಲ:
ಸಮಾಧಾನಿಯವರ ಒಳ್ಳೆಯತನಕ್ಕೆ ನಮಸ್ಕಾರ, ಆದರೆ ದಯವಿಟ್ಟು ಯಾರೂ ಈ ಸಲಹೆಯನ್ನು ಪಾಲಿಸಬೇಡಿ. ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ 1882ರ 60ನೇ ಕಲಮಿನ ಪ್ರಕಾರ, ಒಬ್ಬರು ಕೊಟ್ಟ ಅನುಮತಿಯನ್ನು ನಂಬಿ ಇನ್ನೊಬ್ಬರು ಶಾಶ್ವತ ಸ್ವರೂಪದ ಕಾಮಗಾರಿಯನ್ನು ಮಾಡಿ ಹಣ ಖರ್ಚು ಮಾಡಿದರೆ, ಆ ಅನುಮತಿಯನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಅನುಮತಿ ಬಾಯಿಮಾತಿನದಾಗಿದ್ದರೂ ಈ ವಾದ ನಿಲ್ಲುತ್ತದೆ. "ಹೋಗಲಿ, ಹಾಕಿಕೊಳ್ಳಿ" ಎಂಬ ಆ ಎರಡು ಮಾತನ್ನು ಕೇಳಿಸಿಕೊಂಡ ಮೇಸ್ತ್ರಿ ನಾಳೆ ಸಾಕ್ಷಿಕಟ್ಟೆಯಲ್ಲಿ ನಿಂತರೆ ಮುಗಿಯಿತು. ಒಪ್ಪುವುದಾದರೆ ಷರತ್ತುಗಳನ್ನು ಬರೆದು ಒಪ್ಪಿ, ಇಲ್ಲವಾದರೆ ಬರೆದು ನಿರಾಕರಿಸಿ. ವಾಟ್ಸ್ಆ್ಯಪ್ ಸಂದೇಶವಾದರೂ ಸರಿ.

ಸಮಾಧಾನಿ:
ಬರೆದು ನಿರಾಕರಿಸಿದ ಮೇಲೆ ನೆರೆಹೊರೆ ಎಲ್ಲಿ ಉಳಿಯುತ್ತದೆ ಸ್ವಾಮಿ?

ಬ್ಯಾಂಕ್_ಮೇಡಂ:
ನೆರೆಹೊರೆಯ ಜೊತೆಗೆ ನಿಮ್ಮ ಮುಂದಿನ ಕಟ್ಟಡವನ್ನೂ ಯೋಚಿಸಬೇಕು. ಹದಿನೈದು ವರ್ಷ ಹಳೆಯ ಮನೆಯನ್ನು ಕೆಡವಿ ನಿಮ್ಮ ಮಕ್ಕಳು ಹೊಸದು ಕಟ್ಟಲು ಹೊರಟಾಗ, ಸಂಪಿಗೋ ಪಾಯಕ್ಕೋ ಅಗೆದ ಕಡೆ ಅವರ ಫುಟಿಂಗ್ ಸಿಕ್ಕರೆ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಪಕ್ಕದ ಮೂರಂತಸ್ತು ವಾಲುತ್ತದೆ. ಆಗ ನಿಮ್ಮ ಕಾಲಂಗಳನ್ನು ನೀವೇ ಒಳಕ್ಕೆ ಸರಿಸಬೇಕಾಗುತ್ತದೆ. ಸಾಲಕ್ಕೆ ಮೌಲ್ಯಮಾಪಕರು ಬಂದಾಗ ನೆಲದೊಳಗಿನದು ಅವರ ಕಣ್ಣಿಗೆ ಬೀಳದಿರಬಹುದು, ಆದರೆ ತಲೆಯ ಮೇಲಿನ ಸಜ್ಜಾ ಬೀಳುತ್ತದೆ, ಮತ್ತು ಗಡಿಯ ಬಗ್ಗೆ ವಿವಾದವಿದೆಯೇ ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಹಳೇಪೇಟೆ_ಹುಡುಗ:
ಅವಸರ ಏಕೆ? ಹನ್ನೆರಡು ವರ್ಷದವರೆಗೆ ದಾವೆ ಹೂಡಬಹುದಲ್ಲ.

ಧಾರವಾಡದ_ವಕೀಲ:
ಈ ಹನ್ನೆರಡು ವರ್ಷದ ಮಾತು ಎಷ್ಟೋ ಜನರ ಹಕ್ಕನ್ನು ನುಂಗಿದೆ. ಕಾಲಮಿತಿ ಕಾಯ್ದೆ 1963ರ 65ನೇ ವಿಧಿಯ 12 ವರ್ಷ, ಹಕ್ಕಿನ ಆಧಾರದ ಮೇಲೆ ಸ್ವಾಧೀನವನ್ನು ಮರಳಿ ಕೇಳುವ ದಾವೆಗೆ. ಕಟ್ಟಿದ್ದನ್ನು ತೆಗೆಸಿ ಎಂದು ಕೇಳುವ ಕಡ್ಡಾಯ ಆಜ್ಞೆಯ ದಾವೆಗೆ ಸಾಮಾನ್ಯವಾಗಿ 113ನೇ ವಿಧಿಯ 3 ವರ್ಷವನ್ನು ಎದುರುಪಕ್ಷದವರು ಮುಂದಿಡುತ್ತಾರೆ. ಅದು ಮುಂದುವರಿಯುತ್ತಿರುವ ಅತಿಕ್ರಮವೆಂದು 22ನೇ ಕಲಮನ್ನು ಹಿಡಿದು ವಾದಿಸಲು ನಮಗೂ ಅವಕಾಶವಿದೆ. ಆದರೆ ಕಾಲಮಿತಿಗಿಂತ ದೊಡ್ಡ ತೊಡಕು ಬೇರೆ. ನಿರ್ಬಂಧಕಾಜ್ಞೆ ನ್ಯಾಯಾಲಯದ ವಿವೇಚನೆಗೆ ಬಿಟ್ಟ ಪರಿಹಾರ. ಕಣ್ಣೆದುರು ಮೂರಂತಸ್ತು ಏಳುವವರೆಗೂ ಸುಮ್ಮನಿದ್ದು, ಗೃಹಪ್ರವೇಶದ ಊಟವನ್ನೂ ಉಂಡು ಬಂದು, ಆಮೇಲೆ ಒಡೆಸಿಕೊಡಿ ಎಂದರೆ, ಮೌನಸಮ್ಮತಿಯಿತ್ತೆಂದು ನಿರ್ದಿಷ್ಟ ಪರಿಹಾರ ಕಾಯ್ದೆಯ 41ನೇ ಕಲಮಿನಡಿ ಆಜ್ಞೆಯನ್ನೇ ನಿರಾಕರಿಸಬಹುದು, ಅಥವಾ ಅದೇ ಕಾಯ್ದೆಯ 40ನೇ ಕಲಮಿನಡಿ ಪರಿಹಾರಧನಕ್ಕೆ ಇಳಿಸಬಹುದು.

ಗ್ರಾಮಠಾಣದವ:
ನೀವೆಲ್ಲ ಬಡಾವಣೆಯ ಕಲ್ಲು, ಮಂಜೂರಾದ ನಕ್ಷೆ ಎನ್ನುತ್ತಿದ್ದೀರಿ. ನಮ್ಮ ಊರಿನ ಗ್ರಾಮಠಾಣದಲ್ಲಿ ಇವೆರಡೂ ಇಲ್ಲ. ಹಿತ್ತಲಿನ ಮಣ್ಣಿನ ಗೋಡೆಯೇ ಗಡಿ, ಅದು ಒಂದು ಮಳೆಗಾಲಕ್ಕೆ ಬಿದ್ದರೆ ಎತ್ತಿ ಕಟ್ಟುವವರು ಒಂದು ಗೇಣು ಮುಂದೆ ಬಂದಿರುತ್ತಾರೆ. ಪಂಚಾಯಿತಿಯ ಆಸ್ತಿ ದಾಖಲೆಗಳಾದ 9 ಮತ್ತು 11ನೇ ನಮೂನೆಗಳಲ್ಲಿ ಅಳತೆ ಬರೆದಿರುತ್ತಾರೆ, ಆದರೆ ಅದನ್ನು ಎಲ್ಲಿಂದ ಅಳೆಯಬೇಕು ಎಂಬುದು ಮಾತ್ರ ಇರುವುದಿಲ್ಲ. ನಮ್ಮಂಥವರು ಏನು ಮಾಡಬೇಕು?

ನಿವೃತ್ತ_ಭೂಮಾಪಕ:
ಕೇಂದ್ರದ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್‌ನಲ್ಲಿ ಆರಂಭವಾದದ್ದೇ ಈ ಕೊರತೆಗೆ. ಗ್ರಾಮಠಾಣದ ಆಸ್ತಿಗಳ ಗಡಿಗೆ ಸುಣ್ಣದ ಗುರುತು ಹಾಕಿ ಡ್ರೋನಿನಿಂದ ಚಿತ್ರ ತೆಗೆದು ನಕ್ಷೆ ಮಾಡುತ್ತಾರೆ. ಸುಣ್ಣ ಹಾಕುವ ದಿನ ನೀವು ಊರಿನಲ್ಲಿ ಇರಬೇಕು, ಕರಡು ಬಂದಾಗ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಡಬೇಕು. ಅಲ್ಲಿಯವರೆಗೆ ನಿಮ್ಮ ಪತ್ರದ ಚೆಕ್ಕುಬಂದಿಯೇ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರಣೆಯೇ, ಆಧಾರ. ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಗೆ ಹೆಚ್ಚು ಬೆಲೆ.

ಬೆಳಗಾವಿ_ಗಲ್ಲಿ:
ನಮ್ಮ ಕಡೆಯ ಹಳೆಯ ಗಲ್ಲಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಸಾಮಾಯಿಕ ಗೋಡೆ ಇರುತ್ತದೆ, ಜಾಗ ಬಿಡುವ ಪ್ರಶ್ನೆಯೇ ಇಲ್ಲ. ನಮ್ಮ ಪಕ್ಕದವರು ಹಳೆಯ ಮನೆಯನ್ನು ಬಿಚ್ಚಿ ಆರ್‌ಸಿಸಿ ಕಟ್ಟುವಾಗ, ಆ ಗೋಡೆಯ ತಮ್ಮ ಅರ್ಧವನ್ನು ಸುಲಿದುಕೊಂಡರು. ನಮ್ಮ ಅಡುಗೆಮನೆಯ ಕಡೆಗೆ ಉಳಿದದ್ದು ಮಣ್ಣಿನ ಒಂದು ತೆಳುವಾದ ಪದರ. ಓಣಿಯ ಹಿರಿಯರು ಕುಳಿತು, ಗೋಡೆಯ ಪೂರ್ತಿ ದಪ್ಪವನ್ನು ಅವರ ಖರ್ಚಿನಲ್ಲಿ ಇಟ್ಟಿಗೆಯಿಂದ ಕಟ್ಟಿಸಿಕೊಡಬೇಕು, ಅವರ ಬೀಮುಗಳು ಅದರ ಮೇಲೆ ಕೂರಬಾರದು ಎಂದು ಒಪ್ಪಿಸಿದರು. ಎರಡೂ ಮನೆಯವರ ಸಹಿ ಹಾಕಿಸಿದ ಕಾಗದ ನಮ್ಮ ಹತ್ತಿರ ಇದೆ. ಅವರು ಈಗಲೂ ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ, ಸಮಾಧಾನಿಯವರ ಆತಂಕಕ್ಕೆ ಇದು ಉತ್ತರ.

ಕರಾವಳಿ_ಕಲ್ಲು:
ನಿಮ್ಮ ಊರುಗಳಲ್ಲಿ ಜಗಳ ಇಂಚಿನದು, ನಮ್ಮ ಕರಾವಳಿಯಲ್ಲಿ ಎತ್ತರದ್ದು. ಪಕ್ಕದವರು ತಮ್ಮ ಜಾಗದ ಒಳಗೆಯೇ ಗುಡ್ಡವನ್ನು ಗಡಿಯವರೆಗೆ ನೇರವಾಗಿ ಕತ್ತರಿಸಿ ಸಮತಟ್ಟು ಮಾಡುತ್ತಾರೆ, ಗಡಿಯನ್ನು ಒಂದು ಇಂಚೂ ದಾಟುವುದಿಲ್ಲ, ಆದರೆ ಮಳೆಗಾಲದಲ್ಲಿ ಮೇಲಿನವರ ಅಂಗಳ, ಕಾಂಪೌಂಡು ಎಲ್ಲ ಅವರ ಬಚ್ಚಲ ಹಿಂದೆ ಬಂದು ಬೀಳುತ್ತದೆ. ಇದಕ್ಕೆ ಕಾನೂನಿನಲ್ಲಿ ಏನಾದರೂ ಇದೆಯೇ?

ಧಾರವಾಡದ_ವಕೀಲ:
ಇದೆ, ಪ್ರಶ್ನೆ ಕೇಳಿದವರ, ಬುಡದ ಮಣ್ಣು ಜಾರಿದ ಕಾಂಪೌಂಡಿಗೂ ಇದು ಅನ್ವಯಿಸುತ್ತದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 7ನೇ ಕಲಮಿನ ದೃಷ್ಟಾಂತಗಳಲ್ಲಿ, ಪ್ರತಿ ಜಮೀನಿಗೂ ಅದರ ಸಹಜ ಸ್ಥಿತಿಯಲ್ಲಿ ಪಕ್ಕದ ಮಣ್ಣಿನ ಆಸರೆ ಸಿಗುವ ಹಕ್ಕಿದೆಯೆಂದು ಹೇಳಿದೆ. ಸಹಜ ಸ್ಥಿತಿ ಎಂದರೆ ಅಗೆಯದ, ಕೃತಕ ಭಾರ ಹೊರಿಸದ ನೆಲ. ಕಟ್ಟಡದ ಭಾರ ಹೊತ್ತ ನೆಲಕ್ಕೆ ಅದೇ ಆಸರೆ ಹಕ್ಕಾಗಿ ಬೇಕಾದರೆ 15ನೇ ಕಲಮಿನಂತೆ 20 ವರ್ಷ ನಿರಾತಂಕವಾಗಿ ಪಡೆದಿರಬೇಕು. ಆದರೆ ನಿರ್ಲಕ್ಷ್ಯದಿಂದ ಅಗೆದು ಹಾನಿ ಮಾಡಿದ್ದಕ್ಕೆ ಪರಿಹಾರ ಕೇಳಲು 20 ವರ್ಷ ಕಾಯಬೇಕಿಲ್ಲ, ಅದು ಬೇರೆಯೇ ಹೊಣೆ.

ಅರ್ಜಿ_ಆನಂದ:
ಇನ್ನು "ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುತ್ತೇವೆ" ಎಂದು ಅವರು ಹೆದರಿಸಿದರೆ ನಂಬಬೇಡಿ. ನಗರಗಳ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿಯೇ ತಡೆ ನೀಡಿತು. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳಲ್ಲಿ ಶೇ. 5ರವರೆಗಿನ ವ್ಯತ್ಯಾಸವನ್ನು ದಂಡದೊಡನೆ ಕ್ರಮಬದ್ಧಗೊಳಿಸುವ ಅವಕಾಶವಿತ್ತಾದರೂ, ಅದು ತಮ್ಮದೇ ನಿವೇಶನದ ಒಳಗಿನ ಲೋಪಕ್ಕೆ. ಪಕ್ಕದವರ ಜಾಗದಲ್ಲಿ ಇರುವುದನ್ನು ಯಾವ ಪಾಲಿಕೆಯೂ ಸಕ್ರಮ ಮಾಡಿಕೊಡಲಾರದು.

ಹಳೇಪೇಟೆ_ಹುಡುಗ:
ಹಾಗಾದರೆ ಪಾಲಿಕೆಯವರು ಬುಲ್ಡೋಜರ್ ತರುತ್ತಾರೆಯೇ?

ಅರ್ಜಿ_ಆನಂದ:
ತರುವುದಿಲ್ಲ, ತರಲೂ ಬಾರದು. ರಸ್ತೆ, ಕೆರೆಯಂತಹ ಸಾರ್ವಜನಿಕ ಜಾಗಗಳನ್ನು ಬಿಟ್ಟು ಉಳಿದೆಡೆ, ಕನಿಷ್ಠ 15 ದಿನಗಳ ನೋಟಿಸು ಇಲ್ಲದೆ ಕೆಡವುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ಅದೇ ನ್ಯಾಯಾಲಯ ಡಿಸೆಂಬರ್ 17ರ ಇನ್ನೊಂದು ತೀರ್ಪಿನಲ್ಲಿ, ಅಧಿಕಾರಿಗಳ ವಿಳಂಬವಾಗಲಿ ಕಟ್ಟಲು ಹಾಕಿದ ಹಣವಾಗಲಿ ಅನಧಿಕೃತ ಕಟ್ಟಡಕ್ಕೆ ರಕ್ಷಣೆಯಲ್ಲ ಎಂದೂ ಹೇಳಿದೆ. ಎರಡನ್ನೂ ಸೇರಿಸಿ ಓದಿ.

ಮೂವತ್ತು_ನಲವತ್ತು:
ಬೆಳವಣಿಗೆಯನ್ನು ತಿಳಿಸುತ್ತಿದ್ದೇನೆ. ಕಂಬಿ ಲೆಕ್ಕದವರ ಬರಹವನ್ನು ಮುದ್ರಿಸಿಕೊಂಡು ಅವರ ಇಂಜಿನಿಯರ್ ಬಂದ ದಿನ ತೋರಿಸಿದೆ. ನಕ್ಷೆಗೆ ಸಹಿ ಹಾಕಿದ್ದವರು ಸ್ಥಳಕ್ಕೆ ಬಂದದ್ದು ಅದೇ ಮೊದಲಂತೆ. ಅವರು ಗುಂಡಿಗಳನ್ನು ನೋಡಿ ಮೇಸ್ತ್ರಿಯನ್ನು ಬೈದು, ಮೂರು ಫುಟಿಂಗುಗಳನ್ನು ಒಳಕ್ಕೆ ಸರಿಸಿ ಸ್ಟ್ರಾಪ್ ಬೀಮ್ ಹಾಕಿಸಲು ಒಪ್ಪಿದರು. ನಾಲ್ಕನೆಯದು ಮೆಟ್ಟಿಲಿನ ಮೂಲೆಯದು. ಅಲ್ಲಿ ಹಿಂದಿನ ಸಾಲಿನ ಕಾಲಂ ಇಲ್ಲವಾದ್ದರಿಂದ ಸಾಧ್ಯವಿಲ್ಲ, ಅದೊಂದಕ್ಕೆ ಮಾತ್ರ ಬಿಟ್ಟುಕೊಡಿ, ಬೇಕಾದರೆ ಹಣ ಕೊಡುತ್ತೇವೆ ಎಂದು ಮನೆಯ ಯಜಮಾನರು ಕೇಳುತ್ತಿದ್ದಾರೆ. ಕೇವಿಯಟ್ ಹಾಕಿಸಿದ್ದೇನೆ. ಪಾಲಿಕೆಗೆ ಕೊಟ್ಟ ದೂರಿಗೆ ಸ್ವೀಕೃತಿ ಸಿಕ್ಕಿದೆ, ಯಾರೂ ಬಂದಿಲ್ಲ. ನಾಲ್ಕನೆಯದಕ್ಕೆ ಒಪ್ಪಬೇಕೇ?

ಸಮಾಧಾನಿ:
ಮೂರು ಬಿಟ್ಟಿದ್ದಾರಲ್ಲ, ಒಂದನ್ನು ಒಪ್ಪಿಬಿಡಿ.

ಕಂಬಿ_ಲೆಕ್ಕದವ:
ಸಾಧ್ಯವಿಲ್ಲ ಎಂಬ ಮಾತನ್ನು ಒಪ್ಪುವುದಿಲ್ಲ. ಹಿಂದೆ ಕಾಲಂ ಇಲ್ಲದಿದ್ದರೆ ಬದಿಯ ಸಾಲಿನ ಕಾಲಂನೊಡನೆ ಸೇರಿಸಿ ಗಡಿಗೆ ಸಮಾನಾಂತರವಾಗಿ ಜಂಟಿ ಫುಟಿಂಗ್ ಹಾಕಬಹುದು, ಅಥವಾ ಮೆಟ್ಟಿಲಿನ ಕಾಲಂ ಅನ್ನೇ ಒಳಗೆ ಸರಿಸಿ ಮೆಟ್ಟಿಲನ್ನು ಬೀಮಿನ ತುದಿಯಿಂದ ಚಾಚಬಹುದು. ಯಾವುದು ಹೊಂದುತ್ತದೆ ಎಂಬುದನ್ನು ಭಾರದ ಲೆಕ್ಕ ನೋಡಿದವರೇ ಹೇಳಬೇಕು, ಆದ್ದರಿಂದ ಅವರ ಇಂಜಿನಿಯರಿಂದ ಲೆಕ್ಕವನ್ನು ಕಾಗದದ ಮೇಲೆ ಕೇಳಿ. ಮಾಡಲು ಮನಸ್ಸಿಲ್ಲದಿರುವುದಕ್ಕೂ ಸಾಧ್ಯವಿಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಆ ಹಾಳೆಯಲ್ಲಿ ಗೊತ್ತಾಗುತ್ತದೆ.

ಧಾರವಾಡದ_ವಕೀಲ:
ಹಣ ಪಡೆದು ಒಪ್ಪುವುದಾದರೆ ಅದು ಸ್ಥಿರಾಸ್ತಿಯಲ್ಲಿ ಹಕ್ಕನ್ನು ಕೊಡುವ ಪತ್ರವಾಗುತ್ತದೆ. 100 ರೂಪಾಯಿಗೆ ಮೇಲ್ಪಟ್ಟ ಅಂತಹ ಹಕ್ಕು ನೋಂದಣಿ ಕಾಯ್ದೆ 1908ರ 17ನೇ ಕಲಮಿನಂತೆ ನೋಂದಣಿಯಾಗಬೇಕು, ನೋಟರಿಯ ಮುದ್ರೆಯೊಂದೇ ಸಾಲದು. ನೋಂದಣಿಯಾದರೆ ಅದು ನಿಮ್ಮ ಋಣಭಾರ ಪತ್ರದಲ್ಲಿ ಬಂದು ಕುಳಿತುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ನಾಲ್ಕನೆಯದಕ್ಕೆ ಒಪ್ಪಬೇಡಿ. ಒಪ್ಪಿರುವ ಮೂರರ ಬಗ್ಗೆ ಒಂದು ಕಾಗದ ಮಾಡಿಸಿಕೊಳ್ಳಿ: ಗಡಿಯ ಕಲ್ಲುಗಳನ್ನು ಗುರುತಿಸಿದ, ಅಳತೆಯಿರುವ ರೇಖಾಚಿತ್ರ ಇರಬೇಕು, ಗಡಿಯ ಆಚೆಗೆ ನೆಲದ ಕೆಳಗಾಗಲಿ ಮೇಲಾಗಲಿ ಏನನ್ನೂ ಚಾಚುವುದಿಲ್ಲ ಎಂಬ ಮಾತು ಸಜ್ಜಾ ಮತ್ತು ಮಳೆನೀರಿನ ಕೊಳವೆಗಳ ಹೆಸರು ಸಮೇತ ಇರಬೇಕು, ಕಾಂಪೌಂಡಿನ ದುರಸ್ತಿ ಯಾರ ಖರ್ಚಿನಲ್ಲಿ ಎಂಬುದೂ ಇರಬೇಕು. ಇದರಲ್ಲಿ ಯಾರ ಹಕ್ಕೂ ಯಾರಿಗೂ ಹೋಗುವುದಿಲ್ಲವಾದ್ದರಿಂದ ನೋಂದಣಿಯ ಪ್ರಶ್ನೆ ಬರುವುದಿಲ್ಲ. ಅವರು ನಿಮ್ಮ ಹಕ್ಕನ್ನೇ ಅಲ್ಲಗಳೆಯತೊಡಗಿದರೆ ಮಾತ್ರ ವಿಷಯ ಬದಲಾಗುತ್ತದೆ. ಆಗ ಬರಿಯ ನಿರ್ಬಂಧಕಾಜ್ಞೆ ಸಾಲದೆ ಹಕ್ಕು ಘೋಷಣೆಯನ್ನೂ ಕೇಳಬೇಕಾದೀತು, ಸುಪ್ರೀಂ ಕೋರ್ಟಿನ 2008ರ ಅನತುಲ ಸುಧಾಕರ್ ಪ್ರಕರಣವನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಬ್ಯಾಂಕ್_ಮೇಡಂ:
ರಾಜಿಯ ಮಾತು ಮುಂದುವರಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ ಪೂರ್ವ ಪ್ರಕರಣವಾಗಿ ಲೋಕ ಅದಾಲತ್‌ಗೆ ತರಬಹುದಲ್ಲವೇ? ಅಲ್ಲಿಯ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿಯೂ ಇಲ್ಲ.

ಧಾರವಾಡದ_ವಕೀಲ:
ಖಂಡಿತ ತರಬಹುದು, ಆದರೆ ಅದಾಲತ್ತಿನ ದಿನಾಂಕಕ್ಕೆ ಕಾಯುತ್ತಾ ನಾಲ್ಕನೆಯ ಗುಂಡಿಗೆ ಕಾಂಕ್ರೀಟ್ ಬಿದ್ದರೆ ರಾಜಿಗೆ ಏನು ಉಳಿಯುತ್ತದೆ? ತಡೆಯ ಅರ್ಜಿ ಸಿದ್ಧವಿರಲಿ.

ಮೂವತ್ತು_ನಲವತ್ತು:
ನಾಲ್ಕನೆಯದಕ್ಕೆ ಒಪ್ಪುವುದಿಲ್ಲವೆಂದು ನಿನ್ನೆ ಬರೆದು ಕಳಿಸಿದ್ದೇನೆ. ಲೆಕ್ಕದ ಹಾಳೆ ತರಿಸುತ್ತೇವೆ ಎಂದಿದ್ದಾರೆ, ಆ ಗುಂಡಿಯ ಕೆಲಸ ಸದ್ಯಕ್ಕೆ ನಿಂತಿದೆ. ವಕೀಲರ ಹತ್ತಿರ ದಾವೆಯ ಕರಡು ತಯಾರಿದೆ. ಉಳಿದ ಮೂರಕ್ಕೆ ಈ ವಾರ ಕಾಂಕ್ರೀಟ್. ಆ ದಿನ ನಾನು ಏನನ್ನು ನೋಡಬೇಕು?

ಕಂಬಿ_ಲೆಕ್ಕದವ:
ಎರಡು ಗಡಿಕಲ್ಲುಗಳ ನಡುವೆ ದಾರ ಕಟ್ಟಿಸಿ, ಅದರಿಂದ ತೂಗುಗುಂಡು ಇಳಿಸಿ, ಸೆಂಟ್ರಿಂಗ್ ಹಲಗೆ ದಾರದಿಂದ ಒಳಗೇ ಇದೆಯೇ ನೋಡಿ, ಟೇಪು ಕಾಣುವಂತೆ ಫೋಟೋ ತೆಗೆಯಿರಿ. ನಿಮ್ಮ ಕಡೆಯ ಮಣ್ಣಿಗೇ ಒರಗಿಸಿ ಕಾಂಕ್ರೀಟ್ ಸುರಿಯಲು ಬಿಡಬೇಡಿ, ಆ ಬದಿಗೂ ಹಲಗೆ ಬೇಕು. ಕಾಂಪೌಂಡಿನ ಬುಡದಲ್ಲಿ ಜಾರಿದ ಭಾಗಕ್ಕೆ ಬಂದ ಮಣ್ಣನ್ನೇ ತಳ್ಳಿ ಮುಚ್ಚುತ್ತಾರೆ, ಅದಕ್ಕೆ ಒಪ್ಪದೆ ಕಲ್ಲಿನ ಅಡಿಗೆ ಕಲ್ಲುಕಟ್ಟಡ ಅಥವಾ ಬಡ ಕಾಂಕ್ರೀಟ್ (ಸಿಮೆಂಟ್ ಕಡಿಮೆಯಿರುವ ಕಾಂಕ್ರೀಟ್) ತುಂಬಿಸಿ. ಉಳಿದ ಗುಂಡಿಗೆ ಆರಾರು ಇಂಚಿನ ಪದರಗಳಲ್ಲಿ ಗ್ರಾವೆಲ್ ಹಾಕಿ, ನೀರು ಬಿಟ್ಟು ದಮ್ಮಸು ಮಾಡಿಸಿ. ಮಳೆ ಶುರುವಾಗುವ ಮೊದಲು ಇದು ಮುಗಿಯಬೇಕು.